ನಿಂತ ಕಾರಿಗೆ ಮೊದಲೇ ಸೆಲ್ಫ್ ಹೊಡೀಬೇಡಿ

ಹಳೆ ಕಾರು ತಗೊಂಡವರು ಫೋನ್ ಮಾಡಿ ಮೊದಲು ಕೇಳೋದೇ "ಸಾರ್, ಹೊಸ ಬ್ಯಾಟರಿ ಹಾಕಿ ಒಂದ್ಸಲ ಸ್ಟಾರ್ಟ್ ಮಾಡಿ ನೋಡ್ಲಾ?" ಅಂತ. ಬೇಡ ಮಾರಾಯ್ರೇ. ಹದಿನೈದು ವರ್ಷ ಶೆಡ್ಡಲ್ಲಿ ನಿಂತಿದ್ದು ಇನ್ನೊಂದು ವಾರ ನಿಂತ್ರೆ ಏನೂ ಆಗಲ್ಲ, ಆದ್ರೆ ಆ ಒಂದ್ಸಲದ ಸೆಲ್ಫಿಗೆ ಎಂಜಿನ್ನೇ ಹೋಗಬಹುದು. ನಿಂತ ಎಂಜಿನ್ನಲ್ಲಿ ಸಿಲಿಂಡರ್ ಗೋಡೆ ಮೇಲಿನ ಆಯಿಲ್ ಎಲ್ಲಾ ಕೆಳಗೆ ಇಳಿದುಹೋಗಿ ಪಿಸ್ಟನ್ ಸುತ್ತ ಇರೋ ರಿಂಗುಗಳು ತುಕ್ಕಲ್ಲಿ ಕಚ್ಕೊಂಡಿರ್ತವೆ, ಬಲವಂತವಾಗಿ ತಿರುಗಿಸಿದ್ರೆ ರಿಂಗ್ ಮುರಿಯುತ್ತೆ, ಮುರಿದ ಚೂರು ಗೋಡೆ ಗೀರುತ್ತೆ, ಆಮೇಲೆ ಬೋರ್ ಮಾಡಿಸೋದೇ, ಅಂದ್ರೆ ಸಿಲಿಂಡರ್ ಗೋಡೆ ಕೊರೆಸಿ ಸರಿಮಾಡಿಸೋದೇ ಗತಿ.

ನಾನು ಪ್ಲಗ್ ಎಲ್ಲಾ ಬಿಚ್ಚಿ ಒಂದೊಂದು ತೂತಿಗೂ ಎರಡು ಮೂರು ಚಮಚ ತೆಳು ಆಯಿಲ್ ಬಿಟ್ಟು ಎರಡು ದಿನ ಆ ಕಡೆ ತಲೆನೇ ಹಾಕಲ್ಲ. ಆಮೇಲೆ ಟಾಪ್ ಗೇರಿಗೆ ಹಾಕಿ ಗಾಡಿನ ಕೈಯಲ್ಲೇ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸ್ತೀನಿ. ಜರುಗಲಿಲ್ವಾ, ಮತ್ತೆ ಆಯಿಲ್ಲು, ಮತ್ತೆ ಕಾಯೋದು. ಒಂದು ಗಾಡಿ ಹೀಗೇ ಹನ್ನೊಂದು ದಿನ ಸತಾಯಿಸ್ತು, ಕೊನೆಗೆ ಟಕ್ ಅಂತ ಒಂದು ಸಣ್ಣ ಸದ್ದು, ಫ್ಯಾನ್ ಎಲೆ ಒಂದಿಂಚು ಸರಿದಿತ್ತು ಅಷ್ಟೇ, ನಾನು ಒಬ್ನೇ ಶೆಡ್ಡಲ್ಲಿ ನಿಂತ್ಕೊಂಡು ನಗ್ತಿದ್ದೆ.

ಎಂಜಿನ್ ಬಿಟ್ಟುಕೊಡ್ತು ಅಂತ ತಕ್ಷಣ ಓಡಿಸೋಕೆ ಹೊರಡಬೇಡಿ, ಮೊದಲು ಬ್ರೇಕ್ ನೋಡಿ. ಮಾಮೂಲಿ ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ, ಆ ನೀರಿಂದ ಚಕ್ರದ ಹತ್ರ ಬ್ರೇಕ್ ಒತ್ತೋ ವೀಲ್ ಸಿಲಿಂಡರ್ ಒಳಗೇ ತುಕ್ಕು ಹಿಡಿದು ಪಿಸ್ಟನ್ ಜಾಮ್ ಆಗುತ್ತೆ, ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ನನ್ನ ಮೊದಲ ಕಾರಲ್ಲಿ ಪೆಡಲ್ ಗಟ್ಟಿಯಾಗೇ ಇದೆ ಅಂತ ಧೈರ್ಯ ಮಾಡಿ ಹೊರಟೆ, ಎರಡನೇ ಸಲ ಒತ್ತಿದಾಗ ಹಳೇ ರಬ್ಬರ್ ಹೋಸ್ ಒಡೆದು ಪೆಡಲ್ ಸೀದಾ ನೆಲಕ್ಕೆ ಹೋಯ್ತು, ಗಾಡಿ ನಿಂತಿದ್ದು ಕಾಂಪೌಂಡ್ ಗೋಡೆಗೆ. ಅವತ್ತಿಂದ ಹೋಸು, ಸೀಲು ಎಲ್ಲಾ ಹೊಸದು ಹಾಕದೆ ಗೇಟ್ ದಾಟಲ್ಲ. ಇನ್ನೊಂದು, ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನ ಗಾಳಿ ಹೊಡೆದು ಊದಬೇಡಿ, ಹಳೇ ಬ್ರೇಕ್ ಲೈನಿಂಗಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಒದ್ದೆ ಬಟ್ಟೇಲಿ ಒರೆಸಿ.

ಟ್ಯಾಂಕಲ್ಲಿರೋ ಹಳೇ ಪೆಟ್ರೋಲ್ ಮೂಸಿ ನೋಡಿ, ವಾರ್ನಿಶ್ ವಾಸನೆ ಬಂದ್ರೆ ಅದು ಸತ್ತಿದೆ, ಪೂರ್ತಿ ಖಾಲಿ ಮಾಡಿ ಕಾರ್ಬೊರೇಟರ್ ಜೆಟ್ (ಪೆಟ್ರೋಲ್ ಹಾಯೋ ಸಣ್ಣ ತೂತು) ತೊಳೀರಿ. ಈಗಿನ ಎಥನಾಲ್ ಮಿಕ್ಸ್ ಪೆಟ್ರೋಲಿಗೆ ಆ ಕಾಲದ ರಬ್ಬರ್ ಪೈಪ್ ತಡೆಯಲ್ಲ, ಎಥನಾಲ್ ತಡೆಯೋ ಪೈಪೇ ಹಾಕಿ. ಬ್ಯಾಟರಿ ಕನೆಕ್ಟ್ ಮಾಡೋ ಮುಂಚೆ ಕಾರಿನ ಲೋಹದ ಮೈಗೆ ಹೋಗಿರೋ ವೈರ್ (ಅರ್ಥ್) ಯಾವ ಟರ್ಮಿನಲ್ದು ಅಂತ ನೋಡಿ, 1960ರ ದಶಕದ ಮಧ್ಯದ ತನಕ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಅರ್ಥ್ ಆಗ್ತಿದ್ದಿದ್ದು ಈಗಿನ ಹಾಗೆ ನೆಗೆಟಿವ್ ಅಲ್ಲ, ಪಾಸಿಟಿವ್ವು. ಈ ಕಾರುಗಳ ನಟ್ಟು ಬೋಲ್ಟಿನದ್ದೂ ಇದೇ ಕಥೆ, ವಿಟ್‌ವರ್ತ್ ಅನ್ನೋ ಹಳೇ ಬ್ರಿಟಿಷ್ ಅಳತೆಯ ಥ್ರೆಡ್ ಕೋನ 55 ಡಿಗ್ರಿ, ಮೆಟ್ರಿಕ್ಕಿಂದು 60, ಹತ್ತಿರತ್ತಿರ ಇದೆ ಅಂತ ಒತ್ತಿ ತಿರುಗಿಸಿದ್ರೆ ಎರಡೂ ಹಾಳು.

ಬಣ್ಣದ ವಿಷಯ ಆಮೇಲೆ ಮಾತಾಡೋಣ, ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಹೊಳೆಯೋ ಹಂಗೆ ಮಾಡಿದ್ದನ್ನ ನೋಡಿ ನಂಗೆ ಸಾಕಾಗಿದೆ. ತಗೊಳ್ಳೋಕೆ ಹೋದಾಗ ಜೇಬಲ್ಲಿ ಒಂದು ಮ್ಯಾಗ್ನೆಟ್ ಇಟ್ಕೊಂಡಿರಿ, ಪುಟ್ಟಿ ದಪ್ಪ ಇರೋ ಕಡೆ ಅದು ಅಂಟಲ್ಲ.

ರೆಡಿ ಆದ ಗಾಡಿನ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ತೀನಿ ಅಂತ ಹೆಮ್ಮೆಯಿಂದ ಹೇಳೋರು ತುಂಬಾ ಜನ. ಪೆಟ್ರೋಲ್ ಉರಿದಾಗ ನೀರಿನ ಹಬೆನೂ ಆಗುತ್ತೆ, ಎಂಜಿನ್ ಪೂರ್ತಿ ಬಿಸಿ ಆಗದಿದ್ರೆ ಅದು ಹೊರಗೆ ಹೋಗದೆ ಎಂಜಿನ್ ಕೆಳಗಿನ ಆಯಿಲ್ ಸಂಪಲ್ಲಿ, ಸೈಲೆನ್ಸರಲ್ಲಿ ಕೂತು ಒಳಗಿಂದ ತಿನ್ನುತ್ತೆ. ಅದರ ಬದಲು ತಿಂಗಳಿಗೆ ಒಂದ್ಸಲ ಅರ್ಧ ಮುಕ್ಕಾಲು ಗಂಟೆ ರೋಡಲ್ಲಿ ಓಡಿಸಿ, ವಾಪಸ್ ಬಂದ್ಮೇಲೆ ಮುಂದಿನ ಚಕ್ರ ತಿರುಗೋ ಕಿಂಗ್ ಪಿನ್ನಿಗೆ ಗ್ರೀಸ್ ಹೊಡೀರಿ, ಹಳೇ ಕಪ್ಪು ಗ್ರೀಸ್ ಹೊರಗೆ ಬಂದು ಹೊಸದು ಕಾಣೋ ತನಕ.