‘ಸೆಟ್’ ಪದಕ್ಕೆ ಇಷ್ಟೊಂದು ಅರ್ಥ ಎಲ್ಲಿಂದ ಬಂತು?

ಓದುಗರ ಪ್ರಶ್ನೆ: ಇಂಗ್ಲಿಷಿನ ‘ಸೆಟ್’ ಪದಕ್ಕೆ ನೂರಾರು ಅರ್ಥಗಳಿವೆಯಂತೆ, ನಿಜವೇ? ಒಂದೇ ಪದಕ್ಕೆ ಅಷ್ಟೊಂದು ಯಾಕೆ? ಎಲ್ಲವನ್ನೂ ಬಾಯಿಪಾಠ ಮಾಡಬೇಕಾ?

ನಿಜ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಾಗಿ ಬಂತು. ಅದರಲ್ಲಿ ಅತಿ ಉದ್ದದ ವಿವರಣೆ ಸಿಕ್ಕಿದ್ದು ಈ ಪುಟ್ಟ ಪದಕ್ಕೆ. 430ರಷ್ಟು ಅರ್ಥ, ವಿವರಣೆಯೇ ಸುಮಾರು 60,000 ಪದ! ಈಗ ಆ ಪಟ್ಟ ‘ರನ್’ ಪಾಲಾಗಿದೆ. ನಿಘಂಟಿನ ಸಂಪಾದಕ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಅದರ ಹಿಂದೆ ಬಿದ್ದು, ‘ರನ್’ ಕ್ರಿಯಾಪದ ಒಂದಕ್ಕೇ 645 ಅರ್ಥ ಪಟ್ಟಿ ಮಾಡಿದರು.

ಆದರೆ ಈ ಸಂಖ್ಯೆ ನೋಡಿ ಹೆದರಬೇಡಿ. ‘ಸೆಟ್’ನ ಬೇರು ತುಂಬಾ ಸರಳ. ‘ಸಿಟ್’ ಅಂದರೆ ಕೂರು, ‘ಸೆಟ್’ ಅಂದರೆ ಕೂರಿಸು. ನಾವು ‘ಇಸು’ ಸೇರಿಸಿ ಮಾಡುವ ಕೆಲಸವನ್ನು ಇಂಗ್ಲಿಷ್ ಇಲ್ಲಿ ಒಳಗಿನ ಸ್ವರ ಬದಲಿಸಿ ಮಾಡಿದೆ. ‘ಫಾಲ್’ ಅಂದರೆ ಬೀಳು, ಮರವನ್ನು ‘ಫೆಲ್’ ಮಾಡುವುದು ಅಂದರೆ ಬೀಳಿಸು. ಇದೂ ಅದೇ ದಾರಿ.

‘ಕೂರಿಸು’ ಅನ್ನುವುದನ್ನು ಹಿಡಿದುಕೊಂಡರೆ ಅರ್ಧ ಪಟ್ಟಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಉಂಗುರಕ್ಕೆ ಹರಳು ‘ಸೆಟ್’ ಮಾಡುತ್ತಾರೆ, ನಾವೂ ಹರಳು ಕೂರಿಸುತ್ತೇವೆ. ಜರುಗಿದ ಮೂಳೆಯನ್ನು ‘ಸೆಟ್’ ಮಾಡುತ್ತಾರೆ, ನಾವೂ ಮೂಳೆ ಕೂರಿಸುತ್ತೇವೆ. ಸಿಮೆಂಟು ‘ಸೆಟ್’ ಆಗುವುದು ಅಂದರೆ ಹರಿದಾಡುತ್ತಿದ್ದದ್ದು ಕೂತು ಗಟ್ಟಿಯಾಗುವುದು. ಸೂರ್ಯ ಮುಳುಗುವುದೂ ‘ಸೆಟ್’ ಆಗುವುದೇ, ಅವನನ್ನು ಮಾತ್ರ ಯಾರೂ ಕೂರಿಸುವುದಿಲ್ಲ, ಅವನೇ ಇಳಿದು ಕೂರುತ್ತಾನೆ. ಸಿನಿಮಾ ಸೆಟ್ ಅನ್ನುವುದೂ ಈ ಕ್ರಿಯಾಪದದ ಮಗುವೇ.

‘ಕೂರಿಸು’ ಹೊಂದದ ಕಡೆ ನಮ್ಮ ‘ಇಡು’ ಹಾಕಿ ನೋಡಿ. ಬೆಂಕಿ ಇಡು, ಹೊಸ ಊರಿಗೆ ಕಾಲಿಡು, ಅಲಾರಂ ಇಡು. ಮೂರಕ್ಕೂ ಇಂಗ್ಲಿಷಿನಲ್ಲಿ ‘ಸೆಟ್’ ನಡೆಯುತ್ತದೆ. ಇನ್ನು ‘ಇಡು’ವಿನ ಸಂಸಾರವೇನು ಚಿಕ್ಕದೇ? ಹೆಸರಿಡು, ಮೊಟ್ಟೆ ಇಡು, ಬೊಟ್ಟು ಇಡು, ಆಣೆ ಇಡು, ನಂಬಿಕೆ ಇಡು. ಇದನ್ನೆಲ್ಲ ಯಾರೂ ನಮಗೆ ಪಟ್ಟಿ ಮಾಡಿ ಕಲಿಸಲಿಲ್ಲ ಅಲ್ವಾ? ಹಳೆಯ, ಚಿಕ್ಕ, ದಿನಾ ಬಾಯಲ್ಲಿ ಓಡಾಡುವ ಪದಕ್ಕೆ ಎಲ್ಲ ಭಾಷೆಯಲ್ಲೂ ಇದೇ ಗತಿ. ಹೊಸ ಕೆಲಸ ಬಂದಾಗ ಜನ ಹೊಸ ಪದ ಹುಡುಕುತ್ತಾ ಕೂರುವುದಿಲ್ಲ, ಕೈಗೆ ಸಿಕ್ಕಿದ್ದನ್ನೇ ದುಡಿಸಿಕೊಳ್ಳುತ್ತಾರೆ.

ಹಾಗಾದರೆ ಸೆಟ್ ದೋಸೆ? ಅಲ್ಲಿ ಯಾರನ್ನು ಕೂರಿಸಿದ್ದಾರೆ? ಇಲ್ಲೇ ಇರುವುದು ಮಜಾ. ಗುಂಪು, ಜೊತೆ ಅನ್ನುವ ಅರ್ಥದ ‘ಸೆಟ್’ ಮೂಲದಲ್ಲಿ ಬೇರೆಯೇ ಪದ. ಅದು ಲ್ಯಾಟಿನ್‌ನ ‘ಸೆಕ್ಟಾ’ದಿಂದ ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ‘ಸೆಕ್ಟಾ’ ಅಂದರೆ ಹಿಂಬಾಲಿಸುವವರ ಗುಂಪು. ಪಂಥ ಅನ್ನುವುದಕ್ಕೆ ಇಂಗ್ಲಿಷಿನವರು ಹೇಳುವ ‘ಸೆಕ್ಟ್’ ಇದರ ಒಡಹುಟ್ಟು. ಉಚ್ಚಾರ ಸವೆದು ಎರಡೂ ಒಂದೇ ರೂಪಕ್ಕೆ ಬಂದವು. ಆಮೇಲೆ ಅರ್ಥಗಳೂ ಒಂದಕ್ಕೊಂದು ಬೆರೆತುಹೋದವು. ನಮ್ಮ ಗಣಿತ ಪುಸ್ತಕದವರು ‘ಗಣ’ ಅಂತ ಕರೆಯುವುದು ಈ ಎರಡನೇ ‘ಸೆಟ್’ ಅನ್ನು. ತಟ್ಟೆಯಲ್ಲಿ ಒಂದರ ಮೇಲೊಂದು ಬರುವ ಮೆತ್ತನೆಯ ದೋಸೆಗಳೂ ಈ ಕಡೆಯವೇ. (ಕೆ-ಸೆಟ್ ಪರೀಕ್ಷೆಯನ್ನು ಇದರಲ್ಲಿ ಸೇರಿಸಬೇಡಿ. ಅದು ಬರೀ ಮೊದಲಕ್ಷರಗಳ ಜೋಡಣೆ.)

ಪಟ್ಟಿ ಉದ್ದವಾಗಲು ಇನ್ನೊಂದು ದೊಡ್ಡ ಕಾರಣ, ‘ಸೆಟ್’ ಹಿಂದೆ ಬಂದು ಅಂಟಿಕೊಳ್ಳುವ ಪುಟಾಣಿ ಪದಗಳು. ‘ಸೆಟ್ ಅಪ್’ ಅಂದರೆ ಸ್ಥಾಪಿಸು. ‘ಸೆಟ್ ಇನ್’ ಅಂದರೆ ಮಳೆಗಾಲದ ಥರ ಬಂದು ನೆಲೆಯೂರು. ‘ಸೆಟ್ ಆಫ್’ ಅಂತೂ ಕಿಲಾಡಿ. ಪ್ರಯಾಣ ಹೊರಡುವುದೂ ಅದೇ, ಪಟಾಕಿ ಹಚ್ಚುವುದೂ ಅದೇ. ಬ್ಯಾಂಕಿನವರು ನಿಮ್ಮ ಖಾತೆಯ ಹಣವನ್ನು ಬಾಕಿ ಸಾಲಕ್ಕೆ ಮುರಿದುಕೊಂಡರೆ ಅದೂ ‘ಸೆಟ್ ಆಫ್’.

ಬಾಯಿಪಾಠದ ವಿಷಯಕ್ಕೆ ಬಂದರೆ, ಬೇಡವೇ ಬೇಡ. ‘ಸೆಟ್’ ಕಂಡಾಗ ಅದರ ಮುಂದೆ ಏನಿದೆ ಅಂತ ನೋಡಿ. ಪಟಾಕಿಯೋ, ಪ್ರಯಾಣವೋ, ಸಾಲವೋ ಅನ್ನುವುದು ಗೊತ್ತಾದರೆ ಅರ್ಥಕ್ಕೆ ಜಾಸ್ತಿ ತಡಕಾಡಬೇಕಿಲ್ಲ. ನೆನಪಿಡಲೇಬೇಕಾದ್ದು ಒಂದಿದೆ: ಭೂತಕಾಲದಲ್ಲೂ ಅದು ‘ಸೆಟ್’ ಆಗಿಯೇ ಇರುತ್ತದೆ. ‘ಸೆಟ್ಟೆಡ್’ ಅನ್ನುವ ರೂಪ ಇಲ್ಲ.

ಇನ್ನೊಂದು ಎಚ್ಚರ. ನಾವು ಕನ್ನಡದಲ್ಲಿ ಈ ಪದವನ್ನು ನಮ್ಮದೇ ದಾರಿಗೆ ಎಳೆದುಕೊಂಡಿದ್ದೇವೆ. ‘ಈ ಕೆಲಸ ನಂಗೆ ಸೆಟ್ ಆಗಲ್ಲ’ ಅಂದರೆ ಹೊಂದುವುದಿಲ್ಲ ಅಂತ. ಇದನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿ ಸಂದರ್ಶನದಲ್ಲಿ ಹೇಳಿದರೆ ಎದುರಿಗಿದ್ದವರು ಪಿಳಿಪಿಳಿ ನೋಡುತ್ತಾರೆ, ಅಲ್ಲಿ ‘ಸೂಟ್’ ಅನ್ನಬೇಕು. ‘ಹೊಸ ಊರಲ್ಲಿ ಸೆಟ್ ಆದ್ರಾ?’ ಅನ್ನುವುದಕ್ಕೆ ‘ಸೆಟಲ್’ ಬೇಕು. ಕಾಲೇಜು ಹುಡುಗರ ‘ಹುಡುಗಿ ಸೆಟ್ ಆದ್ಲಾ’ ಮಾತ್ರ ಆಕ್ಸ್‌ಫರ್ಡಿನ ಆ 430ರಲ್ಲಿ ಹುಡುಕಿದರೂ ಸಿಗುವುದಿಲ್ಲ.