ಓಡಿಸಿ ನೋಡದ ಕಾರು: ಎಚ್‌ಆರ್‌ಟಿ ಎಫ್110 ಯಾಕೆ ಅಷ್ಟು ಹಿಂದೆ ಬಿತ್ತು?

ಫಾರ್ಮುಲಾ ಒನ್‌ನ ಅತಿ ಕೆಟ್ಟ ಕಾರುಗಳು ಅಂತ ಯಾರಾದರೂ ಪಟ್ಟಿ ಮಾಡಿದರೆ ಅದರಲ್ಲಿ 2010ರ ಎಚ್‌ಆರ್‌ಟಿ (ಹಿಸ್ಪಾನಿಯಾ ರೇಸಿಂಗ್ ತಂಡ) ಎಫ್110 ಇದ್ದೇ ಇರುತ್ತದೆ. ಚೆನ್ನೈನ ಕರುಣ್ ಚಂಧೋಕ್ ಓಡಿಸಿದ ಕಾರು ಇದು. ನಾನು ಮಂಗಳೂರಿನ ಕಾಲೇಜೊಂದರಲ್ಲಿ ವಾಹನಗಳ ಸಸ್ಪೆನ್ಷನ್, ಬ್ರೇಕ್ ಇತ್ಯಾದಿ ಪಾಠ ಮಾಡುವವನು. ಹುಡುಗರು ಕಟ್ಟುವ ಸಿಂಗಲ್ ಸೀಟರ್ ರೇಸ್ ಕಾರಿನ ತಂಡಕ್ಕೆ ಮಾರ್ಗದರ್ಶಕನೂ ಹೌದು. ಪ್ರತಿ ವರ್ಷ ಹೊಸ ಬ್ಯಾಚ್ ಬಂದಾಗ ಯಾರಾದರೊಬ್ಬರು ಈ ಕಾರಿನ ಫೋಟೊ ತೋರಿಸಿ ನಗುತ್ತಾರೆ. ನಗುವ ಮೊದಲು ಅದರ ಕಥೆ ಪೂರ್ತಿ ಕೇಳಿ ಅನ್ನುತ್ತೇನೆ. ಕಾರು ನಿಧಾನವಾಗಿತ್ತು, ತುಂಬಾನೇ ನಿಧಾನವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ರೇಸಿನ ವಾರಾಂತ್ಯಕ್ಕೆ ಮೊದಲು ಆ ಕಾರನ್ನು ಒಂದು ಸುತ್ತೂ ಓಡಿಸಿ ನೋಡಿರಲಿಲ್ಲ. ನನ್ನ ಪ್ರಕಾರ ಅದರ ದೊಡ್ಡ ಕಾಯಿಲೆ ಅದೇ.

2009ರಲ್ಲಿ ಫಾರ್ಮುಲಾ ಒನ್ ನಿಯಮ ಮಾಡುವ ಸಂಸ್ಥೆ ಎಫ್‌ಐಎ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಮೋಸ್ಲಿ, ತಂಡಗಳ ಖರ್ಚಿಗೆ ವರ್ಷಕ್ಕೆ 4 ಕೋಟಿ ಪೌಂಡ್ ಮಿತಿ ಹಾಕುವ ಮಾತಾಡಿದರು. ಅದನ್ನು ನಂಬಿ ಸಣ್ಣ ತಂಡಗಳು ಫಾರ್ಮುಲಾ ಒನ್ ಸೇರಲು ಅರ್ಜಿ ಹಾಕಿದವು. ಆಮೇಲೆ ದೊಡ್ಡ ತಂಡಗಳು ಒಪ್ಪದೆ ಆ ಮಿತಿಯೇ ಬಿದ್ದುಹೋಯಿತು, ಸಣ್ಣವರು ನಡುನೀರಿನಲ್ಲಿ ಉಳಿದರು. ಅಮೆರಿಕದ ಯುಎಸ್‌ಎಫ್1 ಟ್ರ್ಯಾಕಿಗೇ ಬರಲಿಲ್ಲ. ಸ್ಪೇನಿನ ಏಡ್ರಿಯನ್ ಕ್ಯಾಂಪೋಸ್ ಅವರ ಕ್ಯಾಂಪೋಸ್ ಮೆಟಾ ತಂಡ ಇಟಲಿಯ ಡಲ್ಲಾರಾ ಕಂಪನಿಗೆ ಕಾರು ಮಾಡಿಕೊಡಲು ಹೇಳಿತ್ತು. ದುಡ್ಡು ಸರಿಯಾಗಿ ಹೊಂದದೆ ಕೆಲಸ ಹಿಂದೆ ಬಿತ್ತು. ಕೊನೆಗೆ ಹೊಸೆ ರಾಮೋನ್ ಕರಬಾಂತೆ ತಂಡವನ್ನು ವಹಿಸಿಕೊಂಡರು, ಕಾಲಿನ್ ಕೋಲ್ಸ್ ನಡೆಸಲು ಬಂದರು, ಹೆಸರು ಹಿಸ್ಪಾನಿಯಾ ರೇಸಿಂಗ್ ಅಂತ ಆಯಿತು. ಮಾರ್ಚ್ 4ಕ್ಕೆ ಮುರ್ಸಿಯಾದಲ್ಲಿ ಕಾರಿನ ಅನಾವರಣ. ಮಾರ್ಚ್ 12ಕ್ಕೆ ಬಹ್ರೇನ್‌ನಲ್ಲಿ ಮೊದಲ ಅಭ್ಯಾಸ. ಫೆಬ್ರವರಿಯಲ್ಲಿ ಸ್ಪೇನಿನಲ್ಲಿ ನಡೆದ ಟೆಸ್ಟ್‌ಗಳಲ್ಲಿ ಉಳಿದವರೆಲ್ಲ ಸಾವಿರಾರು ಕಿಲೋಮೀಟರ್ ಓಡಿಸಿ ಆಗಿತ್ತು. ಇವರ ಕಾರು ಆಗ ಬಿಡಿಭಾಗಗಳಲ್ಲೇ ಇತ್ತು.

ಡಲ್ಲಾರಾ ಅಂದರೆ ಸುಮ್ನೆ ಅಲ್ಲ. ಆಗ ಇಂಡಿಕಾರ್, ಜಿಪಿ2, ಫಾರ್ಮುಲಾ ತ್ರೀ ಮುಂತಾದ ರೇಸ್ ಸರಣಿಗಳಲ್ಲೆಲ್ಲ ಅವರದೇ ಚಾಸಿ (ಕಾರಿನ ಮೂಲ ಚೌಕಟ್ಟು) ಇತ್ತು. ಚಂಧೋಕ್ ಮತ್ತು ಜೊತೆ ಚಾಲಕ ಬ್ರೂನೊ ಸೆನ್ನಾ ಇಬ್ಬರೂ 2008ರಲ್ಲಿ ಒಂದೇ ಜಿಪಿ2 ತಂಡದಲ್ಲಿ ಡಲ್ಲಾರಾ ಕಾರನ್ನೇ ಓಡಿಸಿದವರು. ಎಂಜಿನ್ ಕಾಸ್ವರ್ತ್‌ನ 2.4 ಲೀಟರ್ ವಿ8. ಅದೇ ಎಂಜಿನ್ ವಿಲಿಯಮ್ಸ್ ಕಾರಿನಲ್ಲೂ ಇತ್ತು, ಅದರಲ್ಲೇ ನಿಕೊ ಹುಲ್ಕೆನ್‌ಬರ್ಗ್ ಆ ವರ್ಷ ಬ್ರೆಜಿಲ್‌ನಲ್ಲಿ ಪೋಲ್ ಪೊಸಿಷನ್, ಅಂದರೆ ರೇಸ್ ಶುರುವಾಗುವಾಗ ಎಲ್ಲರಿಗಿಂತ ಮುಂದಿನ ಜಾಗ, ಹಿಡಿದರು. ಹಾಗಾಗಿ ಎಂಜಿನ್ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಎಫ್110ರ ಆಕಾರ ಸರಳ, ಡೌನ್‌ಫೋರ್ಸ್ ಕಡಿಮೆ. ಅಂದರೆ ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ ಕಡಿಮೆ, ತಿರುವಿನಲ್ಲಿ ಟಯರ್ ಹಿಡಿತ ಬಿಡುತ್ತದೆ. ಇದು ಒಂದು ಆರಂಭದ ವಿನ್ಯಾಸ. ಓಡಿಸಿ, ಅಳೆದು, ತಿದ್ದಿ, ಮತ್ತೆ ಓಡಿಸಿ ಮುಂದಕ್ಕೆ ಒಯ್ಯಬೇಕಾದದ್ದು.

ಓಡಿಸಿ ನೋಡುವುದು ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ವೇಗ ನೋಡುವುದು ಅಂತ ಹೆಚ್ಚಿನವರು ಅಂದುಕೊಂಡಿದ್ದಾರೆ. ಹೊಸ ರೇಸ್ ಕಾರಿನ ಮೊದಲ ಸುತ್ತಿಗೂ ವೇಗಕ್ಕೂ ಸಂಬಂಧವೇ ಇಲ್ಲ. ಹೊರಗೆ ಹೋಗಬೇಕು, ನಿಧಾನಕ್ಕೆ ಒಂದು ಸುತ್ತು ಬಂದು ನೇರ ಗ್ಯಾರೇಜಿಗೆ ಬರಬೇಕು, ಕವಚ ಬಿಚ್ಚಿ ಕೈ ಹಾಕಿ ನೋಡಬೇಕು. ಎಲ್ಲಿ ಎಣ್ಣೆ ಜಿನುಗುತ್ತಿದೆ, ಯಾವ ವೈರ್ ಎಕ್ಸಾಸ್ಟ್ ಹತ್ತಿರ ಕರಗುತ್ತಿದೆ, ಯಾವ ಬೋಲ್ಟ್ ಸಡಿಲ ಆಗಿದೆ ಎಂದು. ಫಾರ್ಮುಲಾ ಒನ್ ಕಾರಿನ ಜೀವನಾಡಿ ಹೈಡ್ರಾಲಿಕ್ಸ್, ಅಂದರೆ ಎಣ್ಣೆಯ ಒತ್ತಡದಿಂದ ಭಾಗಗಳನ್ನು ಆಡಿಸುವ ವ್ಯವಸ್ಥೆ. ಗೇರ್ ಬದಲಿಸುವುದು, ಕ್ಲಚ್, ಥ್ರಾಟಲ್, ಡಿಫರೆನ್ಷಿಯಲ್, ಪವರ್ ಸ್ಟಿಯರಿಂಗ್, ಎಲ್ಲಕ್ಕೂ ಒಂದೇ ಪಂಪ್‌ನಿಂದ ಸುಮಾರು 200 ಬಾರ್ ಒತ್ತಡದ ಎಣ್ಣೆ ಹೋಗುತ್ತದೆ. ಬೆರಳಿನ ಉಗುರಿನಷ್ಟು ಇರುವ ಒಂದು ಸೀಲ್ ಕೈ ಕೊಟ್ಟರೆ ಗೇರ್ ಬೀಳುವುದಿಲ್ಲ, ಕಾರು ನಿಂತಲ್ಲೇ ನಿಲ್ಲುತ್ತದೆ. ಈ ಸೋರಿಕೆ ಕಂಪ್ಯೂಟರಿನಲ್ಲಿ ಕಾಣುವಂಥದ್ದಲ್ಲ. ಎಂಜಿನ್ ಬಿಸಿಯಾಗಿ ಕಂಪನ ಶುರುವಾದ ಮೇಲೆಯೇ ಗೊತ್ತಾಗುವುದು.

ಇದು ಮುಗಿದ ಮೇಲೆ ಎರಡನೇ ಹಂತ. ವಿಂಡ್ ಟನಲ್‌ನಲ್ಲಿ (ಕಾರಿನ ಮಾದರಿಯ ಮೇಲೆ ಗಾಳಿ ಹಾಯಿಸಿ ಅಳೆಯುವ ಸುರಂಗ) ಬಂದ ಅಂಕಿ ಟ್ರ್ಯಾಕಿನಲ್ಲೂ ಬರುತ್ತಿದೆಯಾ ಅಂತ ತಾಳೆ ನೋಡುವುದು. ಮೂರನೇ ಹಂತದಲ್ಲಿ ಮಾತ್ರ ಸೆಟಪ್: ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು, ಕಾರು ನೆಲದಿಂದ ಎಷ್ಟು ಎತ್ತರ ಇರಬೇಕು, ವಿಂಗ್ ಎಷ್ಟು ಓರೆ ಇರಬೇಕು. ಎಚ್‌ಆರ್‌ಟಿ ಈ ಮೂರನ್ನೂ ರೇಸ್ ನಡೆಯುವ ವಾರಾಂತ್ಯದಲ್ಲೇ ಮಾಡಬೇಕಾಯಿತು. ಕುದಿ ಕಂಬಳ (ಕಂಬಳಕ್ಕೆ ಮುಂಚಿನ ಅಭ್ಯಾಸದ ಓಟ) ಮಾಡದೆ ಕೋಣಗಳನ್ನು ನೇರ ಕರೆಗೆ, ಅಂದರೆ ಓಟದ ಗದ್ದೆಗೆ, ಇಳಿಸಿದ ಹಾಗೆ. ಮೇಲಿಂದ 2009ರಿಂದ ಋತುವಿನ ನಡುವೆ ಟೆಸ್ಟಿಂಗ್ ಕೂಡ ನಿಷೇಧವಾಗಿತ್ತು. ತಪ್ಪಿದ್ದನ್ನು ಆಮೇಲೆ ಸರಿ ಮಾಡಿಕೊಳ್ಳೋಣ ಅಂದರೂ ದಾರಿ ಇರಲಿಲ್ಲ.

ಬಹ್ರೇನ್‌ನಲ್ಲಿ ಸೆನ್ನಾ ಕಾರು ಶುಕ್ರವಾರ ಮೊದಲ ಬಾರಿಗೆ ಚಕ್ರ ತಿರುಗಿಸಿತು. ಚಂಧೋಕ್ ಕಾರನ್ನು ಮೆಕ್ಯಾನಿಕ್‌ಗಳು ಗ್ಯಾರೇಜಿನಲ್ಲಿ ಇನ್ನೂ ಜೋಡಿಸುತ್ತಲೇ ಇದ್ದರು. ಮೂರೂ ಅಭ್ಯಾಸಗಳು ಕಳೆದುಹೋದವು. ಚಂಧೋಕ್ ತಮ್ಮ ಕಾರಿನಲ್ಲಿ ಮೊದಲ ಸುತ್ತು ಹಾಕಿದ್ದು ಶನಿವಾರದ ಕ್ವಾಲಿಫೈಯಿಂಗ್‌ನಲ್ಲಿ, ಅಂದರೆ ರೇಸಿನಲ್ಲಿ ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ಓಟದಲ್ಲಿ! ಜೀವನದ ಮೊದಲ ಫಾರ್ಮುಲಾ ಒನ್ ರೇಸ್, ಕಾರು ಹೇಗೆ ಬ್ರೇಕ್ ಹಿಡಿಯುತ್ತದೆ ಅಂತಲೇ ಗೊತ್ತಿಲ್ಲ, ಅದರಲ್ಲಿ ಸಮಯ ತೆಗೆಯಬೇಕು. ತೆಗೆದರು. 2 ನಿಮಿಷ 4.9 ಸೆಕೆಂಡು. ಸೆನ್ನಾ 2 ನಿಮಿಷ 3.2 ಸೆಕೆಂಡು. ಆ ಹಂತದಲ್ಲಿ ಎಲ್ಲರಿಗಿಂತ ವೇಗವಾಗಿದ್ದ ಅಲೊನ್ಸೊ 1 ನಿಮಿಷ 54.6 ಸೆಕೆಂಡು. ಹೆಚ್ಚುಕಮ್ಮಿ ಹತ್ತು ಸೆಕೆಂಡಿನ ಅಂತರ. ಅತಿ ವೇಗದ ಸಮಯದ ಶೇ. 107ರೊಳಗೆ ಬಾರದವರು ರೇಸಿಗೆ ಇಳಿಯುವ ಹಾಗಿಲ್ಲ ಎಂಬ ನಿಯಮ 2011ರಲ್ಲಿ ಮತ್ತೆ ಬಂತು. ಆ ಲೆಕ್ಕ ಹಾಕಿದರೆ ಮಿತಿ 2 ನಿಮಿಷ 2.6 ಸೆಕೆಂಡು ಆಗುತ್ತದೆ, ಇಬ್ಬರೂ ಮನೆಗೆ ಹೋಗಬೇಕಿತ್ತು. 2010ರಲ್ಲಿ ಆ ನಿಯಮ ಇರಲಿಲ್ಲ.

ಭಾನುವಾರದ ರೇಸಿನಲ್ಲಿ ಚಂಧೋಕ್ ಒಂದೇ ಸುತ್ತು ಮುಗಿಸಿ ಮುಂದಿನದರಲ್ಲಿ ಅಪಘಾತ ಮಾಡಿಕೊಂಡು ಹೊರಬಿದ್ದರು. ಅನನುಭವಿ, ಅದಕ್ಕೇ ಹೀಗಾಯಿತು ಅಂದವರಿದ್ದಾರೆ. ಸ್ವಲ್ಪ ನಿಂತು ಯೋಚಿಸಿ. ಆ ವರ್ಷದಿಂದ ರೇಸಿನ ನಡುವೆ ಇಂಧನ ತುಂಬಿಸುವುದು ನಿಂತಿತ್ತು. ಕಾರಿನ ಕನಿಷ್ಠ ತೂಕ ಚಾಲಕನನ್ನೂ ಸೇರಿಸಿ 620 ಕೆ.ಜಿ., ಅದರ ಮೇಲೆ ಪೂರ್ತಿ ರೇಸಿನ ಇಂಧನ, ಸುಮಾರು 150 ಕೆ.ಜಿ. ಅಷ್ಟು ತೂಕ ಬಿದ್ದಾಗ ಸ್ಪ್ರಿಂಗ್ ಕುಗ್ಗಿ ಕಾರಿನ ಅಡಿ ನೆಲಕ್ಕೆ ಇನ್ನಷ್ಟು ಹತ್ತಿರ ಬರುತ್ತದೆ. ಕ್ವಾಲಿಫೈಯಿಂಗ್‌ನಲ್ಲಿ ಟ್ಯಾಂಕ್ ಹಗುರ, ಆಗ ಹಾದುಹೋದ ಉಬ್ಬು ರೇಸಿನಲ್ಲಿ ತಳಕ್ಕೆ ಬಡಿಯಬಹುದು. ಬಹ್ರೇನ್ ಟ್ರ್ಯಾಕಿಗೆ ಆ ವರ್ಷ ಹೊಸದಾಗಿ ಸೇರಿಸಿದ ಭಾಗದಲ್ಲಿ ಅಂಥ ಉಬ್ಬು ಇತ್ತು, ಚಂಧೋಕ್ ಹತೋಟಿ ತಪ್ಪಿದ್ದು ಅಲ್ಲೇ. ತುಂಬಿದ ಟ್ಯಾಂಕಿನಲ್ಲಿ ಆ ಕಾರನ್ನು ಅದಕ್ಕೆ ಮೊದಲು ಒಮ್ಮೆಯೂ ಓಡಿಸಿರದ ಚಾಲಕನನ್ನು ಬೈದು ಏನು ಪ್ರಯೋಜನ?

ನಮ್ಮ ಹುಡುಗರ ಕಾರಿನಲ್ಲೂ ಇದೇ ಪಾಠ, ಸಣ್ಣ ಪ್ರಮಾಣದಲ್ಲಿ. ಕೊಯಮತ್ತೂರಿನ ಕಾರಿ ಮೋಟರ್ ಸ್ಪೀಡ್‌ವೇಯಲ್ಲಿ ನಡೆಯುವ, ವಿದ್ಯಾರ್ಥಿಗಳೇ ಕಟ್ಟಿದ ಕಾರುಗಳ ಸ್ಪರ್ಧೆ ಫಾರ್ಮುಲಾ ಭಾರತ್‌ಗೆ ಹೋಗುವ ಕನಸು ಎಲ್ಲರಿಗೂ. ಅಲ್ಲಿ ಬ್ರೇಕ್ ಪರೀಕ್ಷೆಯಲ್ಲಿ ನಾಲ್ಕೂ ಚಕ್ರ ಒಟ್ಟಿಗೆ ಲಾಕ್ ಆಗಬೇಕು, ಆಗದಿದ್ದರೆ ಟ್ರ್ಯಾಕಿಗೆ ಬಿಡುವುದಿಲ್ಲ. ಆದರೆ ಇಲ್ಲಿ ಮಳೆಗಾಲ ಜೂನ್‌ನಲ್ಲಿ ಹಿಡಿದರೆ ಬೇಗ ಬಿಡುವುದಿಲ್ಲ, ಬೈಕಂಪಾಡಿಯ ಲೇತ್ ಕೆಲಸದವರು ಚಕ್ರದ ಹಬ್ ಕೊಡುವಾಗ ಇನ್ನೂ ತಡ, ಪಾರ್ಕಿಂಗ್ ಜಾಗ ಒಣಗುವ ಹೊತ್ತಿಗೆ ಪರೀಕ್ಷೆ ಹತ್ತಿರ. ಹಾಗಿದ್ದೂ ಸಂಜೆ ಬಂದು ಕೇಳುತ್ತಾರೆ, "ಸರ್, ಹಿಂದಿನ ವಿಂಗ್ ಇನ್ನೆರಡು ಡಿಗ್ರಿ ಜಾಸ್ತಿ ಮಾಡೋಣ್ವಾ?" ಅಂತ. "ಮೊದಲು ಬ್ರೇಕ್ ಬ್ಲೀಡ್ ಮಾಡು ಮಾರಾಯ" ಅನ್ನುತ್ತೇನೆ. ಪೆಡಲ್ ಒತ್ತಿದಾಗ ಸ್ಪಂಜಿನ ಹಾಗೆ ಒಳಗೆ ಹೋದರೆ ಪೈಪಿನಲ್ಲಿ ಗಾಳಿ ಸೇರಿದೆ ಅಂತ ಅರ್ಥ. ಕ್ಯಾಲಿಪರ್ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಾಕಿ, ಗುಳ್ಳೆ ನಿಲ್ಲುವ ತನಕ ಎಣ್ಣೆ ಬಿಡಬೇಕು. ಬೇಸರದ ಕೆಲಸ, ಆದರೆ ವಿಂಗ್‌ಗಿಂತ ಮೊದಲು ಇದು.

ಎಚ್‌ಆರ್‌ಟಿ ಕಥೆಗೆ ಬರೋಣ. ಎರಡನೇ ರೇಸ್ ಆಸ್ಟ್ರೇಲಿಯಾ. ಅಲ್ಲಿ ಚಂಧೋಕ್ ಐದು ಸುತ್ತು ಹಿಂದೆ ಇದ್ದರೂ ಕಾರನ್ನು ಕೊನೆ ಮುಟ್ಟಿಸಿ 14ನೆಯವರಾದರು. ಮಲೇಷ್ಯಾದಲ್ಲಿ ಎರಡೂ ಕಾರುಗಳು ಮುಗಿಸಿದವು, 15 ಮತ್ತು 16. ಸ್ವಲ್ಪ ಉಸಿರು ಬಂತು ಅನ್ನುವಾಗ ಮೇ ತಿಂಗಳಲ್ಲಿ ತಂಡಕ್ಕೂ ಡಲ್ಲಾರಾಗೂ ಸಂಬಂಧ ಕಡಿಯಿತು. ಕಾರನ್ನು ಬಲ್ಲವರೇ ಹೋದ ಮೇಲೆ ಯಾರು ಸುಧಾರಿಸಬೇಕು? ಬೇರೆ ತಂಡಗಳು ರೇಸಿನಿಂದ ರೇಸಿಗೆ ಹೊಸ ಫ್ಲೋರ್, ಹೊಸ ವಿಂಗ್ ತರುತ್ತಿದ್ದರೆ ಎಫ್110 ಹೆಚ್ಚುಕಮ್ಮಿ ಬಹ್ರೇನ್‌ನಲ್ಲಿ ಇದ್ದ ಹಾಗೇ ನವೆಂಬರ್ ತನಕ ಓಡಿತು. ಚಂಧೋಕ್ ಹತ್ತು ರೇಸ್‌ಗಳಲ್ಲಿ ಓಡಿದ ಮೇಲೆ ಸೀಟು ಸಕೋನ್ ಯಮಮೊಟೊ ಪಾಲಾಯಿತು.

ಅದೇ ವರ್ಷ ಬಂದ ವರ್ಜಿನ್ ವಿಆರ್-01 ನೋಡಿ. ನಿಕ್ ವರ್ತ್ ಅದನ್ನು ವಿಂಡ್ ಟನಲ್ ಇಲ್ಲದೆ ಪೂರ್ತಿ ಕಂಪ್ಯೂಟರಿನಲ್ಲೇ ವಿನ್ಯಾಸ ಮಾಡಿದ್ದರು. ನೋಡಲು ಚಂದ, ವೇಗದಲ್ಲೂ ಎಚ್‌ಆರ್‌ಟಿಗಿಂತ ಮುಂದೆ. ಆದರೆ ಇಂಧನ ಟ್ಯಾಂಕ್ ಸಣ್ಣದಾಗಿ, ಕೆಲವು ಟ್ರ್ಯಾಕ್‌ಗಳಲ್ಲಿ ಪೂರ್ತಿ ವೇಗದಲ್ಲಿ ರೇಸ್ ಮುಗಿಸಲು ಸಾಲದೆ ಚಾಸಿಯನ್ನೇ ಬದಲಿಸಬೇಕಾಯಿತು. ವರ್ಷದ ಕೊನೆಗೆ ಮೂರು ಹೊಸ ತಂಡಗಳಿಗೂ (ಮೂರನೆಯದು ಲೋಟಸ್) ಅಂಕ ಸೊನ್ನೆ. ಅಂಕ ಸಮ ಇದ್ದಾಗ ಉತ್ತಮ ಸ್ಥಾನಗಳನ್ನು ಎಣಿಸುತ್ತಾರೆ. ಎಚ್‌ಆರ್‌ಟಿಗೆ ಆಸ್ಟ್ರೇಲಿಯಾ, ಮೊನಾಕೊ, ಕೊರಿಯಾದಲ್ಲಿ 14ನೇ ಸ್ಥಾನಗಳು ಸಿಕ್ಕಿದ್ದವು. ಅದರ ಬಲದಿಂದ ಆ ವರ್ಷದ ಅತಿ ನಿಧಾನದ ಕಾರು ತಂಡಗಳ ಪಟ್ಟಿಯಲ್ಲಿ 11ನೇ ಸ್ಥಾನ ಪಡೆಯಿತು, ವರ್ಜಿನ್ 12ಕ್ಕೆ ಇಳಿಯಿತು. ರಾತ್ರಿ ಹಗಲು ಬಿಡಿಭಾಗ ಜೋಡಿಸಿದ ಆ ಮೆಕ್ಯಾನಿಕ್‌ಗಳಿಗೆ ಸಲ್ಲಬೇಕಾದ ಸ್ಥಾನ ಅದು.

ಮುಂದಿನ ವರ್ಷವೂ ಹಳೆ ಕಾಯಿಲೆ ವಾಸಿಯಾಗಲಿಲ್ಲ. ಎಫ್110ರಿಂದಲೇ ಬೆಳೆದ ಎಫ್111 ಕಾರು ಟೆಸ್ಟಿಂಗ್‌ನಲ್ಲಿ ಓಡದೆಯೇ ಮೆಲ್ಬರ್ನ್‌ಗೆ ಹೋಯಿತು. ಈ ಸಲ ಶೇ. 107ರ ನಿಯಮ ಕಾಯುತ್ತಿತ್ತು. ನರೇನ್ ಕಾರ್ತಿಕೇಯನ್ ಮತ್ತು ಲಿಯುಟ್ಸಿ ಇಬ್ಬರೂ ರೇಸಿಗೆ ಅರ್ಹರಾಗಲಿಲ್ಲ. ಎರಡು ವಾರದ ಬಳಿಕ ಮಲೇಷ್ಯಾದಲ್ಲಿ ಅದೇ ಕಾರು, ಅದೇ ಚಾಲಕರು, ಇಬ್ಬರೂ ಅರ್ಹರಾದರು. ಅಷ್ಟರಲ್ಲಿ ಕಾರು ಸ್ವಲ್ಪ ಓಡಿತ್ತು.