ಆಕ್ಸೆಂಟ್ ಆಮೇಲೆ ನೋಡೋಣ, ಮೊದ್ಲು ಒತ್ತು ಎಲ್ಲಿ ಬೀಳತ್ತೆ ಅಂತ ಕಲೀರಿ

ನನ್ನ ಹತ್ರ ಸ್ಪೋಕನ್ ಇಂಗ್ಲಿಷ್ ಕಲೀತಿದ್ದ ಒಬ್ಬ ಹುಡುಗ, ಹಾಸನದ ಕಡೆಯೋನು, ಇಂಜಿನಿಯರಿಂಗ್ ಮುಗ್ಸಿದ್ದ, ಒಂದಿನ ಫೋನ್ ಇಂಟರ್‌ವ್ಯೂ ಮುಗಿಸ್ಕೊಂಡು ಬಂದು ಮಾತಿಲ್ದೆ ಕೂತ್ಬಿಟ್ಟ. ಆ ಕಡೆ ಇದ್ದೋರು ಅಮೆರಿಕದವ್ರು. ಇವ್ನು 'ಡೆವಲಪ್‌ಮೆಂಟ್' ಅಂತ ಮೂರು ಸಲ ಹೇಳಿದ್ನಂತೆ, ಮೂರೂ ಸಲ ಅವ್ರು 'ಸಾರಿ?' ಅಂದ್ರಂತೆ, ಪ್ರತಿ ಸಲಾನೂ ಇವ್ನು ಇನ್ನೊಂಚೂರು ಜೋರಾಗಿ ಹೇಳಿದ್ದಾನೆ ಅಷ್ಟೆ. "ಮೇಡಂ, ನಂದು ಹಳ್ಳಿ ಆಕ್ಸೆಂಟು, ಹೋಗೋದಿಲ್ಲ" ಅಂದ. ಅವ್ನ ಆಕ್ಸೆಂಟಿಗೆ ಏನೂ ಆಗಿರ್ಲಿಲ್ಲ. ಆ ಪದದಲ್ಲಿ ಒತ್ತು ಬೀಳ್ಬೇಕಾಗಿದ್ದು 'ವೆ' ಮೇಲೆ, ಡಿ-ವೆ-ಲಪ್-ಮಂಟ್. ಅವ್ನು ಹಾಕಿದ್ದು 'ಡೆ' ಮೇಲೆ. ಕೇಳೋರ ಕಿವಿಗೆ ಅದು ಬೇರೆ ಯಾವ್ದೋ ಪದ ಆಗೋಯ್ತು.

ಹದಿನೇಳು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀನಿ, ಬರೋರಲ್ಲಿ ಮುಕ್ಕಾಲು ಪಾಲು ಜನ ಕೇಳೋದು ಒಂದೇ, ಬ್ರಿಟಿಷ್ ಆಕ್ಸೆಂಟ್ ಕಲಿಸ್ತೀರಾ ಅಂತ. ಬೇಡ. ಸ್ಕಾಟ್ಲೆಂಡಿನವ್ರು, ಐರ್ಲೆಂಡಿನವ್ರು, ಆಸ್ಟ್ರೇಲಿಯಾದವ್ರು ತಂತಮ್ಮ ಥರಾನೇ ಮಾತಾಡ್ತಾರೆ, ನಮ್ ಥರಾನೂ ಇರ್ಲಿ. ಆದ್ರೆ ಒತ್ತು ಅನ್ನೋದು ಆಕ್ಸೆಂಟಲ್ಲ, ಅದು ಆ ಪದದ ಗುರುತು, ಅದು ತಪ್ಪಿದ್ರೆ ಪದಾನೇ ಸಿಗಲ್ಲ.

ಒತ್ತು ಅಂದ ತಕ್ಷಣ ನಮ್ಮ ಹುಡುಗ್ರು ಒತ್ತಕ್ಷರ ಅನ್ಕೋತಾರೆ, ಇಲ್ಲಾ ಜೋರಾಗಿ ಕಿರುಚೋದು ಅನ್ಕೋತಾರೆ. ಎರಡೂ ಅಲ್ಲ. ಹೈಸ್ಕೂಲಲ್ಲಿ ಛಂದಸ್ಸು ಓದಿರೋದು ನೆನಪಿದ್ರೆ ಇದು ಸುಲಭ. ಲಘುಗೆ ಒಂದು ಮಾತ್ರೆ, ಗುರುಗೆ ಎರಡು, ಯಾವ್ದು ಲಘು ಯಾವ್ದು ಗುರು ಅಂತ ಬರ್ದಿರೋದು ನೋಡಿದ್ರೇನೇ ಗೊತ್ತಾಗತ್ತೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಗತ್ತೆ, ಯಾರೂ ಯಾರದ್ದೂ ಕಿತ್ಕೊಳ್ಳಲ್ಲ. ಇಂಗ್ಲಿಷಲ್ಲಿ ಹಾಗಿಲ್ಲ, ಒಂದು ಪದದಲ್ಲಿ ಒಂದು ಭಾಗ ಎಳ್ಕೊಂಡು, ಸ್ವಲ್ಪ ಎತ್ತರದ ದನಿಯಲ್ಲಿ, ಗಟ್ಟಿಯಾಗಿ ಬರತ್ತೆ, ಉಳಿದಿದ್ದು ಹೆಚ್ಚಾಗಿ ಮುದುರ್ಕೊಂಡು ಸಣ್ಣ 'ಅ' ಥರ ಆಗ್ಬಿಡತ್ತೆ, ಮತ್ತೆ ಇದ್ಯಾವ್ದೂ ಸ್ಪೆಲ್ಲಿಂಗಲ್ಲಿ ಕಾಣಲ್ಲ. ಫೋಟೋಗ್ರಾಫ್ ಅನ್ನೋವಾಗ ಒತ್ತು 'ಫೋ' ಮೇಲೆ. ಫೋಟೋಗ್ರಾಫರ್ ಅಂದ್ರೆ ಒತ್ತು 'ಟಾ'ಗೆ ಜಾರತ್ತೆ, ಫ-ಟಾಗ್-ರ-ಫರ್, ಮುಂಚೆ ಅಷ್ಟು ಗಟ್ಟಿಯಾಗಿದ್ದ 'ಫೋ' ಈಗ ಬರೀ 'ಫ'. ಫೋಟೋಗ್ರಾಫಿಕ್ ಅಂದ್ರೆ 'ಗ್ರ್ಯಾ' ಮೇಲೆ. ನಾವು ಮೂರನ್ನೂ ಒಂದೇ ಥರ ಹೇಳ್ತೀವಿ.

ನಮ್ಮ ಅಭ್ಯಾಸ ಹೆಚ್ಚಾಗಿ ಮೊದಲ್ನೇ ಅಕ್ಷರಕ್ಕೆ ಭಾರ ಹಾಕೋದು. ಹೋಟೆಲ್, ಈವೆಂಟ್, ಸಕ್ಸಸ್, ಕಮಿಟಿ, ಇವೆಲ್ಲ ನಮ್ಮ ಬಾಯಲ್ಲಿ ಮೊದಲ್ನೇ ಅಕ್ಷರದ ಪದಗಳು, ಇಂಗ್ಲಿಷಲ್ಲಿ ನಾಕಕ್ಕೂ ಒತ್ತು ಎರಡ್ನೇ ಭಾಗದ ಮೇಲೆ: ಟೆಲ್, ವೆಂಟ್, ಸೆಸ್, ಮಿ. ಮನೇಲಿ ಹೋಟ್ಲು ಅಂತಾನೇ ಅನ್ನಿ, ಅದು ಈಗ ಕನ್ನಡ ಪದ, ಅದನ್ನ ತಿದ್ದೋಕೆ ನಾನ್ಯಾರು? ಇಂಗ್ಲಿಷಲ್ಲಿ ಮಾತಾಡೋವಾಗ ಮಾತ್ರ ಹಿಂದಕ್ಕೆ ತಳ್ಳಿ.

ನಿಯಮ ಏನೂ ಇಲ್ವಾ ಅಂದ್ರೆ ಕೆಲವಿದಾವೆ. 'ಶನ್' ಅಂತ ಮುಗಿಯೋ ಪದದಲ್ಲಿ ಅದರ ಹಿಂದಿನ ಭಾಗಕ್ಕೆ ಒತ್ತು, ಎಜುಕೇಶನ್‌ನಲ್ಲಿ 'ಕೇ'ಗೆ. 'ಇಕ್' ಅಂತ ಮುಗಿದ್ರೆ ಸಾಮಾನ್ಯವಾಗಿ ಹಾಗೇನೇ, ಎಕನಾಮಿಕ್‌ನಲ್ಲಿ 'ನಾ'ಗೆ. 'ಇಟಿ' ಅಂತ ಮುಗಿಯೋದಕ್ಕೂ ಅಷ್ಟೆ, ಎಲೆಕ್ಟ್ರಿಸಿಟಿಯಲ್ಲಿ 'ಟ್ರಿ'ಗೆ. ಪಾಲಿಟಿಕ್ಸ್ ಥರದವು ತಪ್ಪಿಸ್ಕೊಂಡು ಹೋಗ್ತವೆ, ಅದ್ರಲ್ಲಿ ಒತ್ತು ಶುರುನಲ್ಲೇ. ಇನ್ನು ರೆಕಾರ್ಡ್, ಪ್ರೆಸೆಂಟ್, ಆಬ್ಜೆಕ್ಟ್ ಥರದ ಪದಗಳು ವಸ್ತುವಿನ ಹೆಸರಾಗಿ ಬಂದ್ರೆ ಒತ್ತು ಮೊದಲ್ನೇ ಭಾಗಕ್ಕೆ, ಮಾಡೋ ಕೆಲ್ಸ ಆದ್ರೆ ಎರಡ್ನೇ ಭಾಗಕ್ಕೆ. ಇಷ್ಟು ತಿಳ್ಕೊಂಡ್ರೆ ನೂರಾರು ಪದ ಸರಿಹೋಗತ್ತೆ.

ಬರ್ದಂಗೆ ಓದೋದು ನಮ್ಮ ತಪ್ಪಲ್ಲ, ಕನ್ನಡ ನಮಗೆ ಕಲ್ಸಿರೋದೇ ಅದು. ಇಂಗ್ಲಿಷಿನ ಕತೆ ಬೇರೆ. ಲಂಡನ್ ಹತ್ರದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಮುದ್ರಣಾಲಯ ಶುರು ಮಾಡಿದ್ದು 1476ರಲ್ಲಿ, ಅಲ್ಲಿಂದ ಮುಂದೆ ಸ್ಪೆಲ್ಲಿಂಗ್ ನಿಧಾನಕ್ಕೆ ಒಂದು ಕಡೆ ನಿಲ್ತಾ ಬಂತು, ಆದ್ರೆ ಜನರ ಬಾಯಲ್ಲಿ ಸ್ವರಗಳು 1400ರಿಂದ 1700ರವರೆಗೂ ಜಾರ್ತಾನೇ ಇದ್ವು. ಈಗ ನಾವು 'ನೇಮ್' ಅನ್ನೋ ಪದಾನ ಅವತ್ತಿನವ್ರು ಹೆಚ್ಚುಕಮ್ಮಿ 'ನಾಮ' ಅಂತಾನೇ ಅಂತಿದ್ರು, ಇದನ್ನ ಹೇಳಿದ್ರೆ ಕ್ಲಾಸಲ್ಲಿ ಎಲ್ರ ಮುಖಾನೂ ಅರಳತ್ತೆ. ಸಾಲ ಅನ್ನೋದಕ್ಕಿರೋ 'ಡೆಟ್' ಪದದಲ್ಲಿ ಬಿ ಯಾವತ್ತೂ ಬಾಯಲ್ಲಿ ಇರ್ಲೇ ಇಲ್ಲ, ಅದು ಫ್ರೆಂಚಿಂದ ಬಿ ಇಲ್ದೇನೇ ಬಂದಿತ್ತು, ಆಮೇಲೆ ಪಂಡಿತ್ರು ಲ್ಯಾಟಿನ್ ಮೂಲ ಕಾಣ್ಲಿ ಅಂತ ಬರವಣಿಗೆಗೆ ಮಾತ್ರ ಸೇರ್ಸಿದ್ರು. ಹಾಗಾಗಿ ಸ್ಪೆಲ್ಲಿಂಗ್ ನೋಡಿ 'ವೆಜಿಟೇಬಲ್', 'ಕಂಫರ್ಟೇಬಲ್' ಅಂತ ಟೇಬಲ್ ಎಳೀಬೇಡಿ, ವೆಜ್-ಟ-ಬಲ್, ಕಂಫ್-ಟ-ಬಲ್, ಮೂರೇ ತುಂಡು. 'ಆಸ್ಕೆಡ್', 'ವಾಕೆಡ್' ಅನ್ನೋದೂ ಇದೇ ಜಾತಿ, ಅವು ಆಸ್ಕ್ಟ್, ವಾಕ್ಟ್. ಮೂಲ ಪದ ಟ ಅಥ್ವಾ ಡ ಸೌಂಡಿಂದ ಮುಗಿದ್ರೆ ಮಾತ್ರ ವಾಂಟೆಡ್ ಥರ ಇನ್ನೊಂದು ತುಂಡು ಸೇರತ್ತೆ.

ಸೌಂಡುಗಳ ವಿಷ್ಯಕ್ಕೆ ಬಂದ್ರೆ ನಮ್ಮವ್ರಿಗೆ ನಾನು ತಿದ್ದೋದು ಸ್ವಲ್ಪಾನೇ. ಒಂದು, ಮಾತಾಡೋವಾಗ ನಾವು 'ಎಲ್ಲಿ'ನ ಯೆಲ್ಲಿ ಅಂತೀವಿ, 'ಒಂದು'ನ ವೊಂದು ಅಂತೀವಿ, ಅದೇ ನಾಲಿಗೇಲಿ ಇಂಗ್ಲಿಷಿನ ಕಿವಿ ಮತ್ತು ವರ್ಷ, ಎರಡೂ 'ಯಿಯರ್' ಆಗೋಗತ್ತೆ. ಕಿವಿಗೆ ಬರೀ 'ಇ'ಯಿಂದ ಶುರು ಮಾಡಿ. ಇನ್ನೊಂದು, ಬಸ್ಸು ಕಾರು ಅಂತ ಕೊನೇಲಿ ಹಾಕೋ 'ಉ', ಇಂಗ್ಲಿಷ್ ವಾಕ್ಯದಲ್ಲಿ ಬಿಟ್ಬಿಡಿ.

ಇನ್ನೊಂದು ನಂಗೆ ತುಂಬಾ ಇಷ್ಟ, ಯಾಕಂದ್ರೆ ಅದಕ್ಕೆ ಬೇಕಾದ ಸಾಮಾನು ನಮ್ಮ ವರ್ಣಮಾಲೆಯಲ್ಲೇ ಇದೆ. ಒತ್ತು ಬೀಳೋ ಭಾಗ ಪ, ಟ, ಕ ಸೌಂಡಿಂದ ಶುರುವಾದ್ರೆ ಇಂಗ್ಲಿಷ್ ಮನೆಮಾತಿನವ್ರು ಗಾಳಿ ಬಿಡ್ತಾರೆ, ನಮ್ಮ ಮಹಾಪ್ರಾಣದ ಥರ. ನಾವು ಗಾಳಿ ಇಲ್ದೆ 'ಪ್ಯಾಕ್' ಅಂದ್ರೆ ಅವ್ರಿಗೆ 'ಬ್ಯಾಕ್' ಅಂತ ಕೇಳ್ಸೋದುಂಟು. ಬಾಯಿ ಮುಂದೆ ಒಂದು ತುಂಡು ಪೇಪರ್ ಹಿಡ್ಕೊಂಡು 'ಪೆನ್' ಅನ್ನಿ, ಪೇಪರ್ ಅಲ್ಲಾಡ್ಬೇಕು. 'ಸ್ಪೂನ್' ಅಂದ್ರೆ ಅಲ್ಲಾಡ್ಬಾರ್ದು, ಹಿಂದೆ ಸ ಇದ್ರೆ ಗಾಳಿ ಇಲ್ಲ. 'ಟೆನ್'ಗೆ ಠ, 'ಕೀ'ಗೆ ಖ ನೆನಪಿಸ್ಕೊಳ್ಳಿ ಸಾಕು.

ಪ್ರಾಕ್ಟೀಸ್ ಹೇಗೆ ಅಂದ್ರೆ, ಇಂಗ್ಲಿಷ್ ಡಿಕ್ಷನರಿಯಲ್ಲಿ ಉಚ್ಚಾರಣೆ ಕೊಟ್ಟಿರೋ ಕಡೆ ಒಂದು ಸಣ್ಣ ಗೀಟು ಮೇಲ್ಗಡೆ ಇರತ್ತೆ, ಅದರ ಮುಂದಿನ ಭಾಗಕ್ಕೇ ಒತ್ತು. ನಂಗೆ ಇದನ್ನ ಶಾಲೇಲಾಗ್ಲಿ ಕಾಲೇಜಲ್ಲಾಗ್ಲಿ ಯಾರೂ ಹೇಳ್ಕೊಡ್ಲಿಲ್ಲ, ಎಂಎ ಮುಗಿಸಿ ಪಾಠ ಮಾಡೋಕೆ ನಿಂತ್ಮೇಲೆ ಗೊತ್ತಾಗಿದ್ದು, ಅದು ಇವತ್ತಿಗೂ ಸಂಕಟ ಆಗತ್ತೆ. ನಿಮ್ಮ ಕೆಲ್ಸದಲ್ಲಿ ದಿನಾ ಬರೋ ಇಪ್ಪತ್ತು ಪದ ಬರ್ಕೊಳ್ಳಿ, ಗೀಟು ನೋಡಿ ಗುರುತು ಹಾಕಿ, ಒಂದು ರಬ್ಬರ್ ಬ್ಯಾಂಡ್ ಎರಡು ಬೆರಳಿಗೆ ಸಿಕ್ಕಿಸ್ಕೊಂಡು ಒತ್ತಿರೋ ಕಡೆ ಮಾತ್ರ ಎಳೀರಿ. ಫೋನಲ್ಲಿ ರೆಕಾರ್ಡ್ ಮಾಡಿ ಮಾರ್ನೇ ದಿನ ಕೇಳಿ, ಅವತ್ತೇ ಕೇಳಿದ್ರೆ ತಪ್ಪು ಕಾಣಲ್ಲ.

ಹಾಸನದ ಆ ಹುಡುಗ ಹಿಂಗೆ ಮಾಡಿದ್ದು ಇಪ್ಪತ್ತಲ್ಲ, ನಲವತ್ತೊಂದು ಪದ. ಡೆವಲಪ್‌ಮೆಂಟನ್ನ ಲಿಸ್ಟಲ್ಲಿ ಎರಡು ಸಲ ಬರ್ಕೊಂಡಿದ್ದ.